ಕಡವಿನ ಉಗ್ರಾಣಿ

ಮಾರ್ಚ್ 3, ಸೋಮವಾರ

ಗಂಟಲಿನ ಗಂಟು ತೆಗೆದು ಮನೆಗೆ ಕಳಿಸಿದ್ದಾರೆ. ಏಪ್ರಿಲ್ ಎರಡನೆಯ ವಾರದವರೆಗೆ ಮಾತಾಡಕೂಡದು. ಪಿಸುಗುಟ್ಟುವುದು ಮಾತಿಗಿಂತಲೂ ಕೆಟ್ಟದ್ದಂತೆ. ಕೆಮ್ಮು ಬಂದರೆ ನೀರು ಕುಡಿಯಬೇಕು, ಸಿಟ್ಟು ಬಂದರೆ ಅದನ್ನೂ ನುಂಗಬೇಕು. ಇಷ್ಟು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಅರಚಿದ ಗಂಟಲು ಗಂಟು ಕಟ್ಟದೆ ಇನ್ನೇನು ಮಾಡೀತು ಎಂದು ಇವರು ನಗಿಸಲು ನೋಡಿದರು. ನಗುವುದೂ ಬೇಡ ಅಂದಿದ್ದಾರೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ.

ಇವರು ಟೈರ್ ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಸ್ಲೇಟಿನಲ್ಲಿ ಬರೆದದ್ದನ್ನೆಲ್ಲ ಒರೆಸುತ್ತಿರಬೇಕು. ಒರೆಸದೆ ಬಿಡಬಹುದಾದ್ದು ಒಂದಾದರೂ ಇರಲಿ ಎಂದು ಇದನ್ನು ಶುರುಮಾಡಿದ್ದೇನೆ.

ಮಧ್ಯಾಹ್ನ ತಮ್ಮನ ಫೋನು. "ಅಕ್ಕಾ, ನೀನು ಉತ್ತರ ಕೊಡ್ಬೇಡ, ಬರೀ ಕೇಳಿಸ್ಕೋ. ಮನೇಲಿ ಕೂತು ಗೋಡೆ ನೋಡೋ ಬದ್ಲು ಕಡವಿಗೆ ಬಾ. ಅಲ್ಲಿ ಟೈಪ್ ಮಾಡಿದ್ರೆ ಸಾಕು. ಉಗ್ರಾಣಿ ಇಲ್ದೆ ಉಗ್ರಾಣ ಹಾಳು ಸುರೀತಿದೆ."

ಕಡವು ಎಂದರೆ ನಾವು ಆಡುವ ಆನ್‌ಲೈನ್ ಆಟದಲ್ಲಿ ನಮ್ಮ ಪಡೆ ಹಿಡಿದಿರುವ ನೆಲೆ. ಹೊಳೆ ದಾಟುವ ಜಾಗ. ಬೇರೆ ಬೇರೆ ಊರುಗಳಲ್ಲಿ ಕೂತ ಸಾವಿರಾರು ಜನ ಆಡುವ ಆಟದಲ್ಲಿ ಅಷ್ಟು ನೆಲ ನಮ್ಮ ನಾಲ್ವರದು. ರಜೆಯ ದಿನಗಳಲ್ಲಿ ಮಾತ್ರ ಆಡುತ್ತಿದ್ದೆ. ಈಗ ಎಲ್ಲ ದಿನವೂ ರಜೆಯೇ.

ಮಾರ್ಚ್ 6, ಗುರುವಾರ

ಎರಡು ದಿನ ಕೂತು ಉಗ್ರಾಣ ಒಪ್ಪ ಮಾಡಿದೆ. ಮರ, ಕಬ್ಬಿಣ, ಹಗ್ಗ, ಕಾಳು, ಎಲ್ಲ ಬೇರೆ ಬೇರೆ ಪೆಟ್ಟಿಗೆಗೆ. ದೋಣಿ ದಾಟುವ ವ್ಯಾಪಾರಿಗಳಿಂದ ಸುಂಕ ಬರುತ್ತದೆ. ಅದರಿಂದಲೇ ಪ್ರತಿ ಭಾನುವಾರ ಸಂಜೆ ನೆಲೆಯ ಕಂದಾಯ ಕಟ್ಟಬೇಕು. ಕಟ್ಟದಿದ್ದರೆ ಆಟವೇ ನಮ್ಮ ಬಾವುಟ ಕಿತ್ತು ಬಿಸಾಡುತ್ತದೆ, ಗೋಡೆ ಕುಸಿಯುತ್ತದೆ, ಬಂದವರು ಬಾಚಿಕೊಂಡು ಹೋಗಬಹುದು.

ಪಡೆಯ ಹಿರಿಯರು ಮೇಷ್ಟ್ರು. ನಿಜವಾಗಿಯೂ ಮೇಷ್ಟ್ರೇ, ನಿವೃತ್ತರು. ನನ್ನ ತಮ್ಮ ಆಂಬುಲೆನ್ಸ್ ಓಡಿಸುವವನು, ಪಾಳಿ ಮುಗಿಸಿ ಬರುತ್ತಾನೆ. ನಾಲ್ಕನೆಯವನು ಬಾಣಲೆ, ಅದು ಆಟದೊಳಗಿನ ಹೆಸರು. ಯಾವುದೋ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವನಂತೆ, ತಮ್ಮನಿಗೆ ಅಲ್ಲೇ ಪರಿಚಯ. ಸೇರಿ ತಿಂಗಳೂ ಆಗಿಲ್ಲ, ಆಗಲೇ ಎಲ್ಲರಿಗಿಂತ ಜೋರಾಗಿ ನಗುತ್ತಾನೆ.

ಇಂದು ಪೆಟ್ಟಿಗೆ ತೆರೆದರೆ ನಿನ್ನೆ ಇಟ್ಟಷ್ಟು ಮರ ಇಲ್ಲ. ತೀರಾ ಹೆಚ್ಚಲ್ಲ, ಒಂದು ದೋಣಿಯ ತಳಕ್ಕಾಗುವಷ್ಟು. ನಾನೇ ತಪ್ಪು ನೋಡಿದೆನೇನೋ.

ಮಾರ್ಚ್ 9, ಭಾನುವಾರ

ತಪ್ಪು ನೋಡಿರಲಿಲ್ಲ. ಮರ ಇನ್ನೂ ಕಡಿಮೆಯಾಗಿದೆ.

ಕಂದಾಯ ಕಟ್ಟಿದ ಮೇಲೆ ಎಲ್ಲರೂ ಇದ್ದಾಗ ಟೈಪ್ ಮಾಡಿ ಕೇಳಿದೆ: ಉಗ್ರಾಣದಿಂದ ಮರ ಯಾರು ತೆಗೆದಿರಿ?

ತಮ್ಮ ಇಲ್ಲ ಅಂದ. ಮೇಷ್ಟ್ರು, "ನಾನು ವಾರದಿಂದ ಉಗ್ರಾಣದ ಕಡೆ ತಲೆ ಹಾಕಿಲ್ಲಮ್ಮ" ಅಂದರು. ಬಾಣಲೆ ನಕ್ಕ. "ಅಕ್ಕಾ, ನಾನು ಕಾಳು ಕದ್ರೆ ಕೇಳಿ. ಮರ ತಿಂದು ಜೀರ್ಣಿಸ್ಕೊಳ್ಳೋ ವಯಸ್ಸಲ್ಲ ನಂದು."

ಎಲ್ಲರೂ ನಕ್ಕರು. ಕೇಳಿದ್ದಕ್ಕೆ ಇಲ್ಲ ಅಂದರೆ ಸಾಕಿತ್ತು. ತಮಾಷೆ ಯಾಕೆ ಬೇಕಿತ್ತು? ಅದೂ ಅಷ್ಟು ಬೇಗ, ಮೊದಲೇ ಸಿದ್ಧ ಮಾಡಿಟ್ಟುಕೊಂಡವನ ಹಾಗೆ.

ಮಾರ್ಚ್ 12, ಬುಧವಾರ

ಉಗ್ರಾಣದ ಸುತ್ತ ಗೋಡೆ ಎಬ್ಬಿಸಿದೆ. ಒಂದೇ ಬಾಗಿಲು, ಬೀಗ. ಕೀಲಿ ನಾಲ್ವರಿಗೂ ಕೊಟ್ಟೆ. ಯಾರ ಮೇಲೂ ಅನುಮಾನವಿಲ್ಲ, ಹೊರಗಿನವರು ನುಗ್ಗದಿರಲಿ ಎಂದಷ್ಟೇ ಬರೆದೆ.

ಮಾತಾಡದೆ ಇರುವುದರಿಂದ ಒಂದು ಲಾಭ ಕಂಡುಕೊಂಡಿದ್ದೇನೆ. ಸುಮ್ಮನೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ನಾನಿದ್ದೇನೆ ಎಂಬುದೇ ಅವರಿಗೆ ಮರೆತುಹೋಗುತ್ತದೆ. ಇಂದು ಬಾಣಲೆಗೆ ತಮ್ಮ ಹೇಳುತ್ತಿದ್ದ: "ಅಕ್ಕನ ಹತ್ರ ಈಗ್ಲೇ ಬಾಯಿ ಬಿಡ್ಬೇಡ. ಹುಷಾರಾಗ್ಲಿ, ಆಮೇಲೆ ನೋಡೋಣ." ಬಾಣಲೆ, "ಗೊತ್ತಾದ್ರೆ ನೊಂದ್ಕೋತಾರೆ ಕಣೋ" ಅಂದ.

ನನ್ನ ಕಿವಿ ನಿಮಿರಿತು. ಮುಂದೆ ಏನಾದರೂ ಹೇಳುತ್ತಾರೆಂದು ಉಸಿರು ಹಿಡಿದು ಕಾದೆ. ಅಷ್ಟರಲ್ಲಿ ಮೇಷ್ಟ್ರು ಬಂದರು, ಮಾತು ಮೀನಿನ ಬೆಲೆಗೆ ತಿರುಗಿತು.

ಮಾರ್ಚ್ 14, ಶುಕ್ರವಾರ

ಗೋಡೆ, ಬೀಗ ಎಲ್ಲ ಇದ್ದೂ ಮರ ಹೋಗುತ್ತಲೇ ಇದೆ. ಈಗ ಕಬ್ಬಿಣವೂ. ಹಾಗಾದರೆ ಹೊರಗಿನವರಲ್ಲ.

ಮಾರ್ಚ್ 17, ಸೋಮವಾರ

ಡಾಕ್ಟರ ಸರ್ಟಿಫಿಕೇಟ್ ಕೊಡಲು ನಿಲ್ದಾಣಕ್ಕೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಮೈಕಿನಲ್ಲಿ ಬೇರೆ ದನಿ. ನನ್ನ ಬದಲಿಗೆ ಬಂದ ಹುಡುಗಿ. "ಎರಡನೇ" ಎನ್ನುವಾಗ ಉಸಿರು ಸಾಲದೆ ಕೊನೆಯ ಅಕ್ಷರ ನುಂಗುತ್ತಾಳೆ. ಪ್ಲಾಟ್‌ಫಾರಂನಲ್ಲಿ ಯಾರಿಗೂ ಅದು ತಿಳಿದಂತಿರಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಹೋಗಬೇಕಾದ ಕಡೆಗೇ ಹೋದರು.

ಕೋಣೆಯಲ್ಲಿ ನನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದಾಳೆ. ನನ್ನನ್ನು ನೋಡಿ ಗಡಬಡಿಸಿ ಎದ್ದಳು. "ಕೂತ್ಕೊಳ್ಳಿ ಮೇಡಂ. ಬಿಸಿನೀರು ತರ್ಲಾ? ನಿಮ್ ಥರ ಹೇಳೋಕೆ ನಂಗೆ ಬರ್ತಾನೇ ಇಲ್ಲ. ಯಾವಾಗ ಬರ್ತೀರಿ?"

ಯಾವಾಗ ಬರುತ್ತೀರಿ ಎಂದು ಕೇಳುವಾಗ ಕಣ್ಣು ಬೇರೆ ಕಡೆ ಇತ್ತು. ಸ್ಟೇಷನ್ ಮಾಸ್ಟರೂ ಸರ್ಟಿಫಿಕೇಟ್ ತೆಗೆದುಕೊಂಡವರು ನನ್ನ ಮುಖ ನೋಡಲಿಲ್ಲ. "ಚೆನ್ನಾಗಿ ರೆಸ್ಟ್ ತಗೊಳ್ಳಿ, ಏನೂ ಅವಸರ ಇಲ್ಲ" ಅಂದರು. ಒಂದು ದಿನ ಹೆಚ್ಚಿಗೆ ರಜೆ ಕೇಳಿದರೆ ಮುಖ ಗಂಟು ಹಾಕುತ್ತಿದ್ದ ಮನುಷ್ಯ. ಅವಸರ ಯಾಕಿಲ್ಲ?

ಮಾರ್ಚ್ 20, ಗುರುವಾರ

ಸಿಕ್ಕಿಬಿದ್ದ.

ಆಟದೊಳಗಿನ ಸಂತೆಯಲ್ಲಿ ಕಬ್ಬಿಣದ ಬೆಲೆ ನೋಡುತ್ತಿದ್ದೆ. ಎಲ್ಲರಿಗಿಂತ ಅಗ್ಗಕ್ಕೆ ಯಾರೋ ರಾಶಿ ಹಾಕಿದ್ದರು. ಹೆಸರು ನೋಡಿದರೆ ಬಾಣಲೆ! ಉಗ್ರಾಣದಲ್ಲಿ ಕಬ್ಬಿಣ ಕರಗುತ್ತಿದೆ, ಇವನ ಅಂಗಡಿಯಲ್ಲಿ ಕಬ್ಬಿಣ ಬೆಳೆಯುತ್ತಿದೆ.

ಎಲ್ಲರ ಮುಂದೆಯೇ ಕೇಳಿದೆ. ಮೊದಲ ಸಲ ಅವನು ನಗಲಿಲ್ಲ. "ಅದು ನಾನೇ ಗುಡ್ಡದಲ್ಲಿ ಅಗೆದಿದ್ದು ಅಕ್ಕಾ. ಭಾನುವಾರಕ್ಕೆ ಕಂದಾಯ ಸಾಲದು ಅಂತ ನೀವೇ ಬರ್ದಿದ್ರಲ್ಲ, ಬೇಗ ಮಾರಿದ್ರೆ ದುಡ್ಡಾಗುತ್ತೆ ಅಂತ ಅಗ್ಗಕ್ಕೆ ಹಾಕ್ದೆ."

"ಹೌದಮ್ಮ, ಅವನು ಅಗೆಯೋದನ್ನ ನಾನು ನೋಡಿದೀನಿ" ಎಂದರು ಮೇಷ್ಟ್ರು.

ಅಗೆದದ್ದು ನಿಜವಿರಬಹುದು. ಅದರ ಜೊತೆ ನಮ್ಮದನ್ನೂ ಬೆರೆಸಿ ಮಾರಿದರೆ ಯಾರಿಗೆ ಗೊತ್ತಾಗುತ್ತದೆ? ಕಬ್ಬಿಣದ ಮೇಲೆ ಹೆಸರು ಬರೆದಿರುತ್ತದೆಯೇ? ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಅಧಿಕಾರ ಉಗ್ರಾಣಿಗೂ ಇದೆ. ಅವನ ಹೆಸರನ್ನು ಪಡೆಯಿಂದ ತೆಗೆದುಹಾಕಿದೆ. ಹೋಗುವ ಮೊದಲು, "ಆಯ್ತಕ್ಕಾ. ಗಂಟಲು ಜೋಪಾನ" ಅಂದ.

ಆ ಕೊನೆಯ ಮಾತಿನಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಎಂದು ಸಂಜೆಯೆಲ್ಲ ಯೋಚಿಸಿದೆ. ಇತ್ತು.

ಮಾರ್ಚ್ 23, ಭಾನುವಾರ

ಕಳ್ಳ ಹೋದ ಮೇಲೂ ಕಳವು ನಿಂತಿಲ್ಲ. ಅಂದರೆ ಅವನಿಗೆ ಒಳಗಿನವರೊಬ್ಬರು ಇದ್ದಾರೆ. ಬಾಗಿಲಿನ ಹೊರಗೆ ಇನ್ನೊಂದು ಗೋಡೆ ಕಟ್ಟಿಸಿದೆ, ಈ ಸಲ ಕಲ್ಲಿನದು, ನಡುವೆ ಕಾವಲು ಗೋಪುರ. ದಾಟುವ ಪ್ರತಿಯೊಂದು ದೋಣಿಯನ್ನೂ ತಡೆದು ನೋಡುವಂತೆ ಮಾಡಿದ್ದೇನೆ. ವ್ಯಾಪಾರಿಗಳು ಗೊಣಗುತ್ತಿದ್ದಾರೆ. ಮೇಲ್ದಂಡೆಯ ಪಡೆಯವರು ಸುಂಕ ಇಳಿಸಿ ಅವರನ್ನು ಸೆಳೆಯುತ್ತಿದ್ದಾರಂತೆ. ಸೆಳೆಯಲಿ. ತಡೆದರೆ ಸಿಟ್ಟಾಗುವವನ ದೋಣಿಯಲ್ಲೇ ಏನಾದರೂ ಇರುತ್ತದೆ.

ಗೋಡೆ ಹೆಚ್ಚಾದ್ದರಿಂದ ಕಂದಾಯವೂ ಏರಿದೆ. ಸುಂಕ ಸಾಲಲಿಲ್ಲ, ನನ್ನ ಸ್ವಂತ ಗಳಿಕೆಯನ್ನು ಹಾಕಿ ಕಟ್ಟಿದೆ.

ಇವರು ಬಾಲ್ಕನಿಯಲ್ಲಿ ನಿಂತು ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಬಟ್ಟೆ ತೆಗೆಯಲು ಹೋದ ಕೂಡಲೇ, "ಹ್ಞೂ, ಟೈರ್ ಬಂದ್ಮೇಲೆ ಹೇಳ್ತೀನಿ" ಎಂದು ಇಟ್ಟರು. ತಮ್ಮನಿಗೆ ಯಾವ ಟೈರ್?

ಮಾರ್ಚ್ 24, ಸೋಮವಾರ

ಬೀರುವಿನ ಕೀಲಿ ಗೂಡಿನಲ್ಲಿ ಬಿದ್ದಿರುತ್ತದೆ. ತೆಗೆದು ನನ್ನ ದಿಂಬಿನ ಕೆಳಗಿಟ್ಟುಕೊಂಡೆ. ಸುಮ್ಮನೆ.

ಮಾರ್ಚ್ 26, ಬುಧವಾರ

ಎಲ್ಲ ಬೀಗ ಬದಲಾಯಿಸಿದೆ. ಕೀಲಿ ಈಗ ನನ್ನೊಬ್ಬಳ ಹತ್ತಿರ.

ಪಾಳಿ ಮುಗಿಸಿ ತಮ್ಮ ಬಂದ. ಅವನ ದನಿಯಲ್ಲಿ ಸುಸ್ತು ಇತ್ತು. "ಅಕ್ಕಾ, ಬಾಗಿಲು ತೆಗೀತಿಲ್ಲ. ಒಂದು ಕಟ್ಟು ಹಗ್ಗ ಬೇಕಿತ್ತು."

ಯಾಕೆ ಬೇಕು? ಎಂದು ಟೈಪ್ ಮಾಡಿದೆ.

"ದೋಣಿ ಕಟ್ಟೋಕೆ ಕಣೇ. ಹಗ್ಗ ಇನ್ಯಾಕೆ ಬೇಕು?"

ಎಷ್ಟು ಬೇಕೋ ಹೇಳು, ನಾನೇ ತಂದುಕೊಡುತ್ತೇನೆ.

"ನನ್ ಮೇಲೂನಾ?" ಅಂದ.

ಬಾಣಲೆ ಜೊತೆ ಏನು ಮುಚ್ಚಿಟ್ಟಿದ್ದೀಯ ಎಂದು ಕೇಳಿದೆ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅನ್ನಬಹುದಿತ್ತಲ್ಲ. "ಅದು ಆಟದ ವಿಷ್ಯ ಅಲ್ಲ. ಈಗ ಹೇಳೋಕಾಗಲ್ಲ" ಅಂದ.

ಹಾಗಾದರೆ ಹಗ್ಗವೂ ಇಲ್ಲ ಎಂದೆ.

ಹೊರಟುಹೋದ. ಚಿಕ್ಕಂದಿನಲ್ಲಿ ಸಿಟ್ಟು ಬಂದರೆ ಬಾಗಿಲು ದಡಾರೆಂದು ಹಾಕುತ್ತಿದ್ದ. ಇಂದು ಸದ್ದಿಲ್ಲದೆ ಹೋದ. ನನಗೆ ಕೇಳಿಸಿದ್ದು ಹೆಡ್‌ಫೋನಿನ ಟಕ್ ಮಾತ್ರ.

ಮಾರ್ಚ್ 28, ಶುಕ್ರವಾರ

ಮೇಷ್ಟ್ರೂ ಬಿಟ್ಟರು. "ನಾನು ಆಟಕ್ಕೆ ಬರ್ತಿದ್ದದ್ದು ನಿಮ್ಮಗಳ ಗಲಾಟೆ ಕೇಳೋಕಮ್ಮ. ಮೌನ ಮನೇಲೇ ಬೇಕಾದಷ್ಟಿದೆ" ಅಂದರು. ಇದೂ ಒಂದು ಕಾರಣವೇ?

ಒಳ್ಳೆಯದಾಯಿತು. ಇನ್ನು ಕದಿಯಲು ಯಾರೂ ಇಲ್ಲ.

ಮಾರ್ಚ್ 29, ಶನಿವಾರ

ಇಷ್ಟೆಲ್ಲ ಗೋಡೆಗಳ ಒಳಗೆ, ಉಗ್ರಾಣದ ಪೆಟ್ಟಿಗೆಗಳ ಮುಂದೆ, ನಾನೊಬ್ಬಳೇ ಇದ್ದೆ. ಕೀಲಿ ನನ್ನಲ್ಲೇ. ಪಡೆಯಲ್ಲಿ ಉಳಿದ ಹೆಸರೂ ನನ್ನದೇ. ಊಟ ಮುಗಿಸಿ ಬಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನ ಕಣ್ಣೆದುರೇ ಮರ ಕಡಿಮೆಯಾಯಿತು.

ಯಾರೂ ಬಂದಿರಲಿಲ್ಲ. ಎದ್ದು ಸುತ್ತು ಹಾಕಿದೆ. ಒಳಗಿನ ಮರದ ಗೋಡೆಯಲ್ಲಿ ಬೆಳಗ್ಗೆ ಒಂದು ಬಿರುಕು ನೋಡಿದ್ದೆ. ಈಗ ಅಲ್ಲಿ ಹೊಸ ಹಲಗೆ. ಮತ್ತೆ ಬಂದು ಕೂತೆ. ಕಬ್ಬಿಣ ಇಳಿಯಿತು. ಹೋಗಿ ನೋಡಿದರೆ ಬಾಗಿಲಿನ ತುಕ್ಕು ಹಿಡಿದ ಪಟ್ಟಿ ಹೊಳೆಯುತ್ತಿದೆ.

ಆಟದವರ ಹಳೆಯ ಪ್ರಕಟಣೆ ಹುಡುಕಿ ಓದಿದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದ ವಾರ ನಿಯಮ ಬದಲಾಗಿದೆ. ಇನ್ನು ಮುಂದೆ ಕಂದಾಯದ ಜೊತೆಗೆ ಗೋಡೆ, ಬಾಗಿಲು, ಬೀಗ, ಗೋಪುರಗಳ ಸವಕಳಿ ಸರಿಪಡಿಸಲು ಬೇಕಾದ ಸಾಮಾನು ಹತ್ತಿರದ ಉಗ್ರಾಣದಿಂದ ತಾನಾಗಿಯೇ ಹೋಗುತ್ತದಂತೆ. ಕಟ್ಟಿದಷ್ಟೂ ಹೆಚ್ಚು ಹೋಗುತ್ತದೆ. ಒಟ್ಟು ನಾಲ್ಕು ಸಾಲು. ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ.

ಇಷ್ಟು ದೊಡ್ಡ ಸಂಗತಿಯನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದೇಕೆ? ಬೇಕೆಂದೇ ಇರಬೇಕು. ಆಟದವರ ಮೇಲೆ ವಿಪರೀತ ಸಿಟ್ಟು ಬಂತು. ದೂರು ಬರೆಯಲು ಕೂತೆ, ಎರಡು ಸಾಲಿನ ಮೇಲೆ ಹೋಗಲಿಲ್ಲ. ಬಾಣಲೆಯ ಹೆಸರು ಮತ್ತೆ ಮತ್ತೆ ಅಡ್ಡ ಬರುತ್ತಿತ್ತು.

ಮಾರ್ಚ್ 30, ಭಾನುವಾರ

ಕಂದಾಯಕ್ಕೆ ದುಡ್ಡಿಲ್ಲ. ವಾರವಿಡೀ ಒಂದು ದೋಣಿಯೂ ನಮ್ಮ ಕಡೆ ಬಂದಿಲ್ಲ. ಕಬ್ಬಿಣ ಮಾರೋಣವೆಂದರೆ ಉಳಿದದ್ದು ಒಂದು ಹಿಡಿ.

ಹೊಳೆಯ ದಂಡೆಯಲ್ಲಿ ನಿಂತು ನೋಡಿದೆ. ಸಂಜೆ ಬಾವುಟ ಇಳಿಯಿತು. ಮೊದಲು ಹೊರಗೋಡೆ, ಆಮೇಲೆ ಗೋಪುರ, ಆಮೇಲೆ ಉಗ್ರಾಣದ ಬಾಗಿಲು. ಯಾವುದೂ ದೊಡ್ಡ ಸದ್ದು ಮಾಡಲಿಲ್ಲ. ಗುರುತಿಲ್ಲದ ನಾಲ್ಕಾರು ಜನ ಒಳಗೆ ಹೋಗಿ ಪೆಟ್ಟಿಗೆ ತೆರೆದರು. ಒಬ್ಬ ನನ್ನನ್ನು ನೋಡಿ, "ಇಲ್ಲೇನೂ ಇಲ್ಲ, ನೀವು ಬರೋದು ಬೇಡ" ಎಂದು ಬರೆದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದ.

ಏಪ್ರಿಲ್ 2, ಬುಧವಾರ

ಊಟಕ್ಕೆ ಕೂತಾಗ ಸ್ಲೇಟಿನಲ್ಲಿ ಬರೆದು ಇವರ ಮುಂದೆ ಹಿಡಿದೆ: ನೀವು, ತಮ್ಮ, ಏನು ಮುಚ್ಚಿಟ್ಟಿದ್ದೀರಿ?

ಇವರು ತುತ್ತು ಕೆಳಗಿಟ್ಟರು. "ಯಾರು ಹೇಳಿದ್ರು?"

ಯಾರೂ ಹೇಳಿಲ್ಲ ಎಂದು ತಲೆಯಾಡಿಸಿದೆ.

"ಸ್ಟೇಷನ್ ಮಾಸ್ಟರು ಅಂಗಡಿಗೆ ಬಂದಿದ್ರು. ಜೂನಿಂದ ಅನೌನ್ಸ್‌ಮೆಂಟ್ ಎಲ್ಲ ಮೆಷಿನ್ನೇ ಮಾಡುತ್ತಂತೆ. ನಿನ್ನನ್ನ ವಿಚಾರಣೆ ಕೌಂಟರಿಗೆ ಹಾಕ್ತಾರಂತೆ, ಸಂಬಳ ಅಷ್ಟೇ. ಆ ಹುಡುಗೀಗೆ ಅದೂ ಇಲ್ಲ, ಮೇ ಕೊನೆಗೆ ಮನೆಗೆ. ನೀನು ಅತ್ತು ಗಂಟಲು ಹಾಳು ಮಾಡ್ಕೋತೀಯ ಅಂತ ನಾನೇ ನಿನ್ ತಮ್ಮಂಗೆ ಬಾಯಿ ಮುಚ್ಕೊಂಡಿರು ಅಂದಿದ್ದೆ."

ಬಾಣಲೆಗೆ ಹೇಗೆ ಗೊತ್ತು ಎಂದು ಬರೆದೆ.

"ಅದ್ಯಾರು ಬಾಣಲೆ?" ಅಂದರು. ಇವರಿಗೇನು ಗೊತ್ತು. ಮನಸ್ಸು ತಡೆಯದೆ ತಮ್ಮನೇ ಅವನಿಗೆ ಹೇಳಿಕೊಂಡಿರಬೇಕು.

ನನ್ನ ಸಂಶಯಗಳಲ್ಲಿ ಇದೊಂದು ನಿಜವಾಯಿತು. ನಿಜವಾದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಇವರು ಎದ್ದು ಬಂದು ಪಕ್ಕದಲ್ಲಿ ಕೂತರು. ಸದ್ದಿಲ್ಲದೆ ಅಳುವುದು ಬಹಳ ಕಷ್ಟ. ಗಂಟಲು ತಾನೂ ಸೇರಿಕೊಳ್ಳಲು ನೋಡುತ್ತದೆ.

ಏಪ್ರಿಲ್ 5, ಶನಿವಾರ

ಆ ಹುಡುಗಿಯ ವಿಷಯ ತಲೆಯಿಂದ ಹೋಗುತ್ತಿಲ್ಲ. ಅವಳು ಕಣ್ಣು ತಪ್ಪಿಸಿದ್ದು ಅದಕ್ಕೇ. ನಿಲ್ದಾಣಕ್ಕೆ ಹೋಗಿ, "ಎರಡನೇ" ಅನ್ನುವ ಮೊದಲು ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಎರಡು ತಿಂಗಳೂ ಉಳಿಯದ ಕೆಲಸಕ್ಕೆ ಇದೇನು ಉಪಯೋಗವೋ. ಅವಳು ತಕ್ಷಣ ಮೈಕಿನಲ್ಲಿ ಹಾಗೇ ಹೇಳಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಸರಿಯಾಗಿ ಬಂತು.

ಏಪ್ರಿಲ್ 11, ಶುಕ್ರವಾರ

ಡಾಕ್ಟರು ಕನ್ನಡಿ ಹಾಕಿ ನೋಡಿ, "ಎಲ್ಲಿ, ಹೆಸರು ಹೇಳಿ" ಅಂದರು. ಹೇಳಿದೆ. ಬೇರೆ ಯಾರೋ ನನ್ನ ಹೆಸರು ಹೇಳಿದ ಹಾಗಾಯಿತು. ದಪ್ಪ, ತಗ್ಗು, ನಡುವೆ ಒಡಕು. ಮೊದಲಿನದು ಪೂರ್ತಿ ಬರಲಿಕ್ಕಿಲ್ಲ ಎಂದರು. ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಬಹುದಂತೆ.

ಮನೆಗೆ ಬರುವಾಗ ಇವರು, "ಚೆನ್ನಾಗೇ ಇದೆ ಬಿಡು. ಇನ್ಮೇಲೆ ನೀನು ಬೈದ್ರೆ ನಿಜವಾಗ್ಲೂ ಭಯ ಆಗುತ್ತೆ" ಅಂದರು. ನಕ್ಕೆ. ನಗುವೂ ಬೇರೆಯಾಗಿದೆ.

ಏಪ್ರಿಲ್ 13, ಭಾನುವಾರ

ಇವರು ಅಂಗಡಿಗೆ ಹೋದ ಮೇಲೆ ಆಟ ತೆರೆದೆ. ಹೊಳೆಯ ಮೇಲ್ಭಾಗದಲ್ಲಿ, ಯಾರಿಗೂ ಬೇಡದ ಜೌಗಿನ ಅಂಚಿನಲ್ಲಿ, ಮೇಷ್ಟ್ರು, ಬಾಣಲೆ, ತಮ್ಮ ಸೇರಿ ಒಂದು ಗುಡಿಸಲು ಹಾಕಿದ್ದಾರೆ ಎಂದು ದಾರಿಯ ವ್ಯಾಪಾರಿಯೊಬ್ಬ ಹೇಳಿದ. ನಡೆದುಕೊಂಡೇ ಹೋದೆ. ಗೋಡೆ ಇಲ್ಲ, ಬಾಗಿಲೂ ಇಲ್ಲ. ಅಷ್ಟಕ್ಕೆ ಕಂದಾಯವೂ ಹೆಚ್ಚಿರಲಾರದು. ಮೂವರೂ ಒಲೆಯ ಸುತ್ತ ಇದ್ದರು. ಏನು ಟೈಪ್ ಮಾಡಬೇಕೋ ತಿಳಿಯಲಿಲ್ಲ. ಮೈಕ್ ಒತ್ತಿ, "ನಾನು" ಅಂದೆ.

ಮೂವರೂ ನನ್ನ ಕಡೆ ತಿರುಗಿದರು.

"ಯಾರ್ರೀ ನೀವು?" ತಮ್ಮನ ದನಿ.

"ನಾನು ಕಣೋ. ಅಕ್ಕ."

"ನಮ್ಮಕ್ಕನ ದನಿ ನಂಗೆ ಗೊತ್ತಿಲ್ವಾ? ಅವಳ ಅಕೌಂಟ್ ಹೇಗ್ ಸಿಕ್ತು ನಿಮ್ಗೆ? ಯಾರು ಕೊಟ್ರು?"

"ಆಪರೇಷನ್ ಆದ್ಮೇಲೆ ಹೀಗಾಗಿದೆ. ಭಾವನ್ನ ಕೇಳು."

"ಆಪರೇಷನ್ ವಿಷ್ಯ ಹಳೇ ಚಾಟ್ ಓದಿದ ಯಾರಿಗ್ ಬೇಕಾದ್ರೂ ಗೊತ್ತಾಗುತ್ತೆ. ತಡೀರಿ, ಭಾವಂಗೇ ಫೋನ್ ಮಾಡ್ತೀನಿ."

ಮಾಡಿದ. ಇವರು ಎತ್ತಲಿಲ್ಲ. ಟೈರ್ ಬಿಚ್ಚುವಾಗ ಇವರಿಗೆ ಫೋನು ಕೇಳಿಸುವುದಿಲ್ಲ. ಮೇಷ್ಟ್ರಿಗೆ ತಮ್ಮ, "ನಂಬಬೇಡಿ ಸಾರ್, ಹೀಗೇ ಒಳಗ್ ಬಂದು ಎಲ್ಲಾ ಬಳ್ಕೊಂಡು ಹೋಗ್ತಾರೆ" ಎನ್ನುತ್ತಿದ್ದ. ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ. ಚಿಕ್ಕಂದಿನದು ಏನಾದರೂ ಹೇಳಿ ನಂಬಿಸೋಣವೆಂದು ಬಾಯಿ ತೆರೆದೆ, ದನಿ ಒಡೆದು ಬರೀ ಗಾಳಿ ಬಂತು. ಇವತ್ತಿನ ಮಾತು ಮುಗಿದಿತ್ತು.

ಬಾಣಲೆಯ ನಗು ಕೇಳಿಸಿತು. "ಬಳ್ಕೊಂಡು ಹೋಗೋಕೆ ಇಲ್ಲೇನಿದೆಯೋ? ಒಂದು ಒಲೆ, ಮೂರು ಮೀನು. ಬರ್ಲಿ ಬಿಡು. ಅಕ್ಕ ಆಗಿದ್ರೆ ಅಕ್ಕ, ಅಲ್ದಿದ್ರೆ ನಾಲ್ಕನೇ ಆಳು. ರೀ, ಒಲೆಗೆ ಸೌದೆ ಇಲ್ಲ, ಒಂದ್ ಹೊರೆ ಕಡ್ಕೊಂಡ್ ಬರ್ತೀರಾ?"

ಅವನಿಗೆ ಹೇಳಬೇಕಾದದ್ದು ಬಹಳ ಇತ್ತು. ಆಯಿತು ಎಂದು ಟೈಪ್ ಮಾಡಿ, ಕೊಡಲಿ ತೆಗೆದುಕೊಂಡು ಜೌಗಿನ ಕಡೆ ಹೊರಟೆ.

ಹಿಂದೆ ಹೆಜ್ಜೆ ಸದ್ದು. ತಮ್ಮ ನನ್ನ ಮೇಲೆ ಕಣ್ಣಿಡಲು ಬರುತ್ತಿದ್ದ. ಬಿಲ್ಲು ಕೈಯಲ್ಲೇ ಇತ್ತು. ಮತ್ತೆ ತಿರುಗಿ ನೋಡಲಿಲ್ಲ. ಒಂದು ಮರ ಕಡಿದೆ, ಇನ್ನೊಂದು ಕಡಿದೆ. ಮೊದಲಿನಿಂದಲೂ ನನಗೆ ಅಭ್ಯಾಸ, ಕಡಿದ ಕೂಡಲೇ ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ ಜೋಡಿಸುವುದು. ಹಾಗೇ ಜೋಡಿಸುತ್ತಿದ್ದೆ. ಅವನು ನಿಂತು ನೋಡುತ್ತಿದ್ದ.

ಮೂರನೆಯ ಮರಕ್ಕೆಂದು ನೀರಿನ ಅಂಚಿಗೆ ಇಳಿಯುವಾಗ ಹಿಂದಿನಿಂದ ಕೂಗಿದ.

"ಆ ಕಡೆ ಹೋಗ್ಬೇಡಿ, ಕೆಸರಿದೆ."

ನಿಂತು ತಿರುಗಿದೆ. ಅವನೂ ನಿಂತ. ಬಿಲ್ಲನ್ನು ಬೆನ್ನಿಗೆ ಹಾಕಿಕೊಂಡದ್ದು ಕಾಣಿಸಿತು.

"ಕೆಸರು ಅಂದ್ನಲ್ಲ, ಕೇಳಿಸ್ಲಿಲ್ವಾ? ಈ ಕಡೆ ಬಾರೇ."